ನಿಕೋಡೀಮಸ್, ಕಾನ್ಸಾಸ್: ಊರು ಬರಿದಾದದ್ದು ರೈಲು ತಪ್ಪಿದ್ದರಿಂದಲೇ?

ಬಯಲುಸೀಮೆ:

ಅಮೆರಿಕದ ಕಾನ್ಸಾಸ್ ರಾಜ್ಯದ ವಾಯವ್ಯ ಭಾಗದ ಗ್ರಹಾಂ ಕೌಂಟಿಯಲ್ಲಿ, ಯು.ಎಸ್. 24 ಹೆದ್ದಾರಿಯ ಪಕ್ಕದಲ್ಲಿ ನಿಕೋಡೀಮಸ್ ಎಂಬ ಊರಿದೆ. 2020ರ ಜನಗಣತಿಯ ಪ್ರಕಾರ ಅಲ್ಲಿರುವವರು 14 ಮಂದಿ. ಅಂತರ್ಯುದ್ಧ ಮುಗಿದ ಮೇಲೆ ದಕ್ಷಿಣದ ರಾಜ್ಯಗಳಿಂದ ಪಶ್ಚಿಮಕ್ಕೆ ಹೊರಟ ಕಪ್ಪುಜನರು ಮಿಸಿಸಿಪ್ಪಿ ನದಿಯ ಆಚೆ ಕಟ್ಟಿಕೊಂಡ ನೆಲೆಗಳಲ್ಲಿ ಇಂದಿಗೂ ಉಳಿದಿರುವ ಅತಿ ಹಳೆಯ ಊರು ಇದೆಂದು ಹೇಳುತ್ತಾರೆ. ಇದರ ಬಗ್ಗೆ ಓದಿದಾಗಲೆಲ್ಲ ಒಂದೇ ಕಥೆ ಎದುರಾಗುತ್ತದೆ: ಊರು ಬೆಳೆಯುತ್ತಿತ್ತು, ರೈಲು ಬರಲಿಲ್ಲ, ಊರು ಕುಗ್ಗಿತು. ಇಷ್ಟು ಸಲೀಸಾದ ಕಾರಣವನ್ನು ಪೂರ್ತಿಯಾಗಿ ಒಪ್ಪಿಕೊಳ್ಳಲು ನನಗೆ ಮನಸ್ಸು ಬರುತ್ತಿಲ್ಲ. ತಿಳಿದವರು ಚರ್ಚಿಸಲಿ ಎಂಬ ಆಸೆಯಿಂದ ಮೊದಲು ಹಿನ್ನೆಲೆಯನ್ನು ಬರೆಯುತ್ತೇನೆ.

1877ರಲ್ಲಿ ದಕ್ಷಿಣದಿಂದ ಕೇಂದ್ರ ಸರ್ಕಾರದ ಸೈನ್ಯ ಹಿಂದೆ ಸರಿಯಿತು. ಅದರೊಂದಿಗೆ, ಬಿಡುಗಡೆ ಹೊಂದಿದ್ದ ಗುಲಾಮರಿಗೆ ಹನ್ನೆರಡು ವರ್ಷಗಳಲ್ಲಿ ಸಿಕ್ಕಿದ್ದ ಅಲ್ಪಸ್ವಲ್ಪ ರಾಜಕೀಯ ರಕ್ಷಣೆಯೂ ಕರಗತೊಡಗಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಇಂಡಿಯಾನಾ ಮೂಲದ ಡಬ್ಲ್ಯೂ. ಆರ್. ಹಿಲ್ ಎಂಬ ಬಿಳಿಯ ಜಮೀನು ವ್ಯವಹಾರಸ್ಥರು ಕಪ್ಪು ಜನಾಂಗದ ಡಬ್ಲ್ಯೂ. ಎಚ್. ಸ್ಮಿತ್, ಪಾದ್ರಿ ಸೈಮನ್ ರೌಂಡ್‌ಟ್ರೀ ಮೊದಲಾದವರೊಡನೆ ಸೇರಿ ನಿಕೋಡೀಮಸ್ ಟೌನ್ ಕಂಪನಿಯನ್ನು ಸ್ಥಾಪಿಸಿದರು. ಸ್ಮಿತ್ ಅಧ್ಯಕ್ಷರಾದರು, ರೌಂಡ್‌ಟ್ರೀ ಕಾರ್ಯದರ್ಶಿಯಾದರು. ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ ಸುತ್ತಮುತ್ತ ಹಂಚಿದ ಕರಪತ್ರದಲ್ಲಿ, ಸೆಪ್ಟೆಂಬರ್ 5ರಂದು ಕಾನ್ಸಾಸ್‌ಗೆ ಹೊರಡಲು ಇಚ್ಛಿಸುವ ಕಪ್ಪುಜನರು 5 ಡಾಲರ್ ಕೊಟ್ಟು ಸೇರಬಹುದೆಂದು ಪ್ರಕಟಿಸಲಾಗಿತ್ತು.

ಜುಲೈನಲ್ಲಿ ಟೊಪೀಕಾ ಕಡೆಯಿಂದ ಸುಮಾರು 30 ಮಂದಿಯ ಸಣ್ಣ ತಂಡ ಬಂದಿತ್ತು. ಸೆಪ್ಟೆಂಬರ್ ಮಧ್ಯದಲ್ಲಿ ಕೆಂಟಕಿಯಿಂದ ಮುನ್ನೂರಕ್ಕೂ ಹೆಚ್ಚು ಜನ ಬಂದಿಳಿದರು. ರೈಲು ಎಲ್ಲಿಸ್ ಎಂಬ ಊರಿನವರೆಗೆ ಮಾತ್ರ ಇದ್ದುದರಿಂದ, ಅಲ್ಲಿಂದ ಸುಮಾರು 55 ಕಿಲೋಮೀಟರ್ ದೂರವನ್ನು ಮಕ್ಕಳು ಮುದುಕರು ಸಹಿತ ನಡೆದೇ ಕ್ರಮಿಸಬೇಕಾಯಿತು. ಮುಂದಿನ ವಸಂತದಲ್ಲಿ ಬಂದ ವಿಲಿಯಾನಾ ಹಿಕ್‌ಮನ್ ಎಂಬ ಮಹಿಳೆಯ ನೆನಪುಗಳು ದಾಖಲಾಗಿವೆ. ಊರು ಬಂತೆಂದು ಜೊತೆಯವರು ಕೂಗಿದಾಗ ಅವರ ಕಣ್ಣಿಗೆ ಮನೆಗಳೇ ಬೀಳಲಿಲ್ಲವಂತೆ. ಎಲ್ಲಿದೆ ಎಂದು ಕೇಳಿದರೆ, ನೆಲದೊಳಗಿಂದ ಏಳುತ್ತಿದ್ದ ಹೊಗೆಯನ್ನು ಗಂಡ ತೋರಿಸಿದರಂತೆ. ಜನ ನೆಲ ಕೊರೆದು ಮಾಡಿಕೊಂಡ ಗೂಡುಗಳಲ್ಲಿ ವಾಸವಾಗಿದ್ದರು. ಆಕೆ ಅತ್ತುಬಿಟ್ಟರು.

ಅಲ್ಲಿಂದ ಹತ್ತೇ ವರ್ಷಗಳಲ್ಲಿ ಊರಿಗೆ ಚರ್ಚುಗಳು, ಹೋಟೆಲು, ಅಂಗಡಿಗಳು, ಬ್ಯಾಂಕು, ಶಾಲೆಗಳ ಜೊತೆಗೆ 1886ರಲ್ಲಿ 'ವೆಸ್ಟರ್ನ್ ಸೈಕ್ಲೋನ್', 1887ರಲ್ಲಿ 'ನಿಕೋಡೀಮಸ್ ಎಂಟರ್‌ಪ್ರೈಸ್' ಎಂಬ ಎರಡು ಪತ್ರಿಕೆಗಳೂ ಬಂದವು. 1887ರಲ್ಲಿ ಮಿಸೌರಿ ಪೆಸಿಫಿಕ್ ಕಂಪನಿಯ ಹಳಿಯನ್ನು ಊರಿಗೆ ಸೆಳೆಯಲು ಟೌನ್‌ಶಿಪ್‌ನ (ಕೌಂಟಿಯೊಳಗಿನ ಸಣ್ಣ ಆಡಳಿತ ಘಟಕದ) ಮತದಾರರು 16,000 ಡಾಲರ್ ಬಾಂಡ್ ನೀಡಲು ಒಪ್ಪಿದರು. ಆದರೂ ರೈಲು ಬರಲಿಲ್ಲ. 1888ರಲ್ಲಿ ಯೂನಿಯನ್ ಪೆಸಿಫಿಕ್‌ನ ಹಳಿ ಸಾಲೋಮನ್ ನದಿಯ ದಕ್ಷಿಣ ದಂಡೆಯಲ್ಲೇ ಸಾಗಿ, ಕೆಲವೇ ಮೈಲಿ ದೂರದ ಬೋಗ್ ಎಂಬಲ್ಲಿ ನಿಲ್ದಾಣವಾಯಿತು. ನಿಕೋಡೀಮಸ್‌ನ ವ್ಯಾಪಾರಿಗಳು ಒಬ್ಬೊಬ್ಬರಾಗಿ ಅಂಗಡಿಗಳನ್ನು ಕಿತ್ತುಕೊಂಡು ಅಲ್ಲಿಗೆ ಹೋದರು.

ನನ್ನ ಪ್ರಶ್ನೆ ಇಷ್ಟು: ರೈಲು ಬಂದಿದ್ದರೆ ಇಂದು ಆ ಊರಿನ ಸ್ಥಿತಿ ಬೇರೆಯಾಗಿರುತ್ತಿತ್ತೇ?

ಗೋಧಿಹೊಲ:

ಬಯಲುಸೀಮೆ ಅವರೇ, ನಾನು ಪಶ್ಚಿಮ ಕಾನ್ಸಾಸ್‌ನ ಒಂದು ಸಣ್ಣ ಆಸ್ಪತ್ರೆಯಲ್ಲಿ ವೈದ್ಯನಾಗಿದ್ದೇನೆ. ವಿದೇಶದಿಂದ ಬಂದು ಇಲ್ಲಿ ತರಬೇತಿ ಪಡೆದ ವೈದ್ಯರು ತಾಯ್ನಾಡಿಗೆ ಮರಳಬೇಕೆಂಬ ವೀಸಾ ನಿಯಮದಿಂದ ವಿನಾಯಿತಿ ಬೇಕಾದರೆ, ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ ಮೂರು ವರ್ಷ ಸೇವೆ ಸಲ್ಲಿಸಬೇಕು. ಈ ವ್ಯವಸ್ಥೆಯಿಂದಾಗಿ ಅಮೆರಿಕದ ಹಳ್ಳಿಗಾಡಿನಲ್ಲಿ ನಮ್ಮ ಕಡೆಯ ವೈದ್ಯರು ಅನೇಕರಿದ್ದಾರೆ. ನಾನೂ ಹಾಗೆ ಬಂದವನೇ. ಇತಿಹಾಸ ನನ್ನ ವಿಷಯವಲ್ಲವಾದರೂ ಈ ನೆಲ ಎಂಥದೆಂದು ಹೇಳಬಲ್ಲೆ.

ನಿಕೋಡೀಮಸ್ ಇರುವುದು ನೂರನೇ ಪಶ್ಚಿಮ ರೇಖಾಂಶಕ್ಕೆ ತೀರಾ ಸಮೀಪದಲ್ಲಿ. ಆ ಗೆರೆಯ ಪೂರ್ವಕ್ಕೆ ಮಳೆಯನ್ನು ನಂಬಿ ಬೇಸಾಯ ಮಾಡಬಹುದು, ಪಶ್ಚಿಮಕ್ಕೆ ಹೋದಷ್ಟೂ ಅದು ಜೂಜು ಎಂಬುದು ಇಲ್ಲಿಯ ಹಳೆಯ ತಿಳಿವಳಿಕೆ. ವರ್ಷಕ್ಕೆ ಸರಿಸುಮಾರು 500ರಿಂದ 600 ಮಿಲಿಮೀಟರ್ ಮಳೆಯಾಗುತ್ತದೆ. ಸಂಖ್ಯೆ ಕೇಳಿದರೆ ನಮ್ಮ ಚಿತ್ರದುರ್ಗದ ಕಡೆಯವರಿಗೆ ಪರಿಚಿತವೆನಿಸೀತು. ಆದರೆ ಚಳಿಗಾಲದಲ್ಲಿ ಶೂನ್ಯಕ್ಕಿಂತ ಇಪ್ಪತ್ತು ಡಿಗ್ರಿ ಕೆಳಗಿಳಿಯುವ ಗಾಳಿ, ಬೇಸಿಗೆಯಲ್ಲಿ ನಲವತ್ತು ದಾಟುವ ಬಿಸಿಲು ಇವೆರಡನ್ನೂ ಒಂದೇ ಹೊಲ ಒಂದೇ ವರ್ಷದಲ್ಲಿ ಕಾಣುತ್ತದೆ. ಮರವೆಂಬುದು ಹೊಳೆ ಹಳ್ಳಗಳ ಪಕ್ಕದಲ್ಲಿ ಬಿಟ್ಟರೆ ಇರಲಿಲ್ಲ. ಮರವಿಲ್ಲದಿದ್ದ ಮೇಲೆ ತೊಲೆಯಿಲ್ಲ, ಹಲಗೆಯಿಲ್ಲ, ಸೌದೆಯೂ ಇಲ್ಲ. ಆದ್ದರಿಂದ ನೆಲವನ್ನು ಕೊರೆದು ಮನೆ ಮಾಡಿಕೊಂಡದ್ದು ಬಡತನದ ಲಕ್ಷಣ ಮಾತ್ರವಾಗಿರಲಿಲ್ಲ. ಆ ಕಾಲದಲ್ಲಿ ಈ ಪ್ರದೇಶಕ್ಕೆ ಬಂದ ಬಿಳಿಯ ಕುಟುಂಬಗಳೂ ಹುಲ್ಲುಹೆಂಟೆಯ ಮನೆಗಳಲ್ಲಿ, ನೆಲಗೂಡುಗಳಲ್ಲಿ ವರ್ಷಗಟ್ಟಲೆ ಬದುಕಿದವು.

ವ್ಯತ್ಯಾಸವಿದ್ದುದು ಕೈಯಲ್ಲಿದ್ದ ಬಂಡವಾಳದಲ್ಲಿ. ಕೆಂಟಕಿಯಿಂದ ಬಂದವರು ತಲುಪಿದ್ದು ಸೆಪ್ಟೆಂಬರ್‌ನಲ್ಲಿ, ಅಂದರೆ ಬಿತ್ತನೆಯ ಕಾಲ ಮುಗಿದ ಮೇಲೆ. ಇಡೀ ಊರಿಗೆ ಬೆರಳೆಣಿಕೆಯಷ್ಟು ಕುದುರೆಗಳು. ಗುದ್ದಲಿ, ಸನಿಕೆಗಳಿಂದಲೇ ಶತಮಾನಗಳ ಹುಲ್ಲುಬೇರು ಹೆಣೆದುಕೊಂಡಿದ್ದ ನೆಲವನ್ನು ಅಗೆದರು. ಕಾಡೆಮ್ಮೆಗಳ ಮೂಳೆಗಳನ್ನು ಆಯ್ದು ಮಾರಿದರು, ಅವುಗಳ ಒಣಸಗಣಿಯನ್ನೂ ಸೂರ್ಯಕಾಂತಿ ಕಡ್ಡಿಯನ್ನೂ ಒಲೆಗೆ ಹಾಕಿದರು. ಗಂಡಸರು ರೈಲುಮಾರ್ಗದ ಕೂಲಿಗೆ ದೂರ ಹೋದರು. ಮೊದಲ ಚಳಿಗಾಲದಲ್ಲಿ, ಬೇಟೆ ಮುಗಿಸಿ ಹಿಂತಿರುಗುತ್ತಿದ್ದ ಓಸೇಜ್ ಬುಡಕಟ್ಟಿನವರು ತಮ್ಮ ಬೇಟೆಯ ಮಾಂಸದಲ್ಲಿ ಪಾಲು ಕೊಟ್ಟರೆಂದು ಊರಿನ ವಂಶಸ್ಥರು ತಲೆಮಾರಿನಿಂದ ತಲೆಮಾರಿಗೆ ಹೇಳಿಕೊಂಡು ಬಂದಿದ್ದಾರೆ. ಆ ಓಸೇಜ್ ಜನರನ್ನೇ ಅಷ್ಟರಲ್ಲಿ ಕಾನ್ಸಾಸ್‌ನಿಂದ ದಕ್ಷಿಣಕ್ಕೆ ಸರಿಸಿಯಾಗಿತ್ತು ಎಂಬುದನ್ನು ನೆನಪಿಟ್ಟುಕೊಂಡು ಈ ಸಂಗತಿಯನ್ನು ಓದಬೇಕು.

ಸಂಶಯಿ:

ಕಥೆ ಚೆನ್ನಾಗಿದೆ, ಆದರೆ ಮೂರು ಆಕ್ಷೇಪಗಳಿವೆ.

ಮೊದಲನೆಯದು ರೈಲಿನ ವಿಷಯ. ರೈಲು ಸಿಕ್ಕಿದ ಬೋಗ್ ಇಂದು ಮಹಾನಗರವಾಗಿದೆಯೇ? ಅಲ್ಲಿಯೂ ಇರುವುದು ನೂರೈವತ್ತರ ಆಸುಪಾಸು ಜನ. ಇಡೀ ಗ್ರಹಾಂ ಕೌಂಟಿಯಲ್ಲಿ 1910ರಲ್ಲಿ 8,700 ಜನರಿದ್ದರು, 2020ರಲ್ಲಿ 2,415 ಜನರು ಉಳಿದಿದ್ದರು. ಕೌಂಟಿಯ ಮುಕ್ಕಾಲು ಪಾಲು ಜನ ಕರಗಿಹೋದದ್ದು ರೈಲು ಇದ್ದ ಊರುಗಳಿಂದಲೂ ಅಲ್ಲವೇ? ಹಾಗಿರುವಾಗ ಒಂದು ಊರಿನ ಅವನತಿಗೆ ಮಾತ್ರ ರೈಲನ್ನು ಹೊಣೆ ಮಾಡುವುದು ತರ್ಕಕ್ಕೆ ನಿಲ್ಲುವುದಿಲ್ಲ.

ಎರಡನೆಯದು, ಹಿಲ್ ಎಂಬ ವ್ಯಕ್ತಿಯನ್ನು 'ಸ್ಥಾಪಕ' ಎಂದು ಕರೆದು ಮುಂದೆ ಸಾಗುವುದು ನನಗೆ ಒಪ್ಪಿಗೆಯಿಲ್ಲ. ಫಲವತ್ತಾದ ನೆಲ, ಕಟ್ಟಿಗೆ, ಬೇಟೆಯ ಪ್ರಾಣಿಗಳು ಎಲ್ಲವೂ ಹೇರಳವಾಗಿವೆ ಎಂದು ನಂಬಿಸಿ ಜನರನ್ನು ಕರೆತಂದವರಲ್ಲಿ ಆತ ಮುಖ್ಯ. ಬಂದವರು ಬಯಲನ್ನು ಕಂಡು ಸಿಟ್ಟಿಗೆದ್ದು ಆತನನ್ನು ಗಲ್ಲಿಗೇರಿಸಲು ಹುಡುಕಿದರೆಂದೂ, ಆತ ಅಡಗಿಕೊಂಡು ತಪ್ಪಿಸಿಕೊಂಡನೆಂದೂ ಹೇಳುತ್ತಾರೆ. ಸುಮಾರು ಅರವತ್ತು ಕುಟುಂಬಗಳು ನಿಲ್ಲದೆ ಹಿಂತಿರುಗಿದವು. ಅದೇ ಹಿಲ್ ಆಮೇಲೆ ಪಶ್ಚಿಮಕ್ಕೆ ಹೋಗಿ ತನ್ನ ಹೆಸರಿನಲ್ಲೇ ಹಿಲ್ ಸಿಟಿಯನ್ನು ಕಟ್ಟಿದ. ಕೌಂಟಿಯ ಕೇಂದ್ರ ಇಂದಿಗೂ ಅದೇ.

ಮೂರನೆಯದು ಸಣ್ಣದು. 'ಉಳಿದಿರುವ ಅತಿ ಹಳೆಯ ಊರು' ಎಂಬ ಬಿರುದನ್ನು ಹದಿನಾಲ್ಕು ಜನರ ಮೇಲೆ ಹೊರಿಸುವುದಕ್ಕೆ ಏನು ಅರ್ಥ?

ಬಯಲುಸೀಮೆ:

ಹಿಲ್ ವಿಷಯದಲ್ಲಿ ತಮ್ಮ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಆದರೆ ಆತನನ್ನು ಕೇಂದ್ರದಲ್ಲಿ ಕೂರಿಸಿ ಬೈದರೂ ಆತನೇ ಕಥಾನಾಯಕನಾಗುತ್ತಾನೆ, ಅದೂ ನನಗೆ ಇಷ್ಟವಿಲ್ಲ. ಕಂಪನಿಯ ಏಳು ಮಂದಿಯಲ್ಲಿ ಆರು ಮಂದಿ ಕಪ್ಪುಜನರೇ ಆಗಿದ್ದರು. ಮೋಸ ಹೋದೆವೆಂದು ತಿಳಿದ ಮೇಲೂ ಉಳಿದವರು ಏಕೆ ಉಳಿದರು ಎಂಬುದು ನನ್ನ ಮಟ್ಟಿಗೆ ಹೆಚ್ಚು ಬೆಲೆಯ ಪ್ರಶ್ನೆ.

ಬಂದವರಲ್ಲಿ ಅನೇಕರು ಕೆಂಟಕಿಯ ಸ್ಕಾಟ್ ಕೌಂಟಿಯವರು. ಅವರಲ್ಲಿ ಕೆಲವು ಮನೆತನಗಳ ಹಿರಿಯರು ಅಮೆರಿಕದ ಉಪಾಧ್ಯಕ್ಷರಾಗಿದ್ದ ರಿಚರ್ಡ್ ಎಂ. ಜಾನ್ಸನ್ ಅವರ ತೋಟಗಳಲ್ಲಿ ಗುಲಾಮರಾಗಿದ್ದವರು. ಕೆಂಟಕಿಗೆ ಮರಳಿದ್ದರೆ ಅವರಿಗೆ ಸಿಗುತ್ತಿದ್ದುದು ಹಳೆಯ ಒಡೆಯರ ಹೊಲದಲ್ಲಿ ಪಾಲಿನ ಬೇಸಾಯ. ಇಲ್ಲಿಯಾದರೋ 1862ರ ಹೋಮ್‌ಸ್ಟೆಡ್ ಕಾಯ್ದೆಯ ಪ್ರಕಾರ 160 ಎಕರೆ ಜಮೀನಿಗೆ ಅರ್ಜಿ ಹಾಕಿ, ಐದು ವರ್ಷ ಅಲ್ಲೇ ವಾಸವಿದ್ದು ಸಾಗುವಳಿ ಮಾಡಿದರೆ ಹಕ್ಕುಪತ್ರ ಕೈಗೆ ಬರುತ್ತಿತ್ತು. ಗೂಡಿನಲ್ಲಿ ಕಳೆಯುವ ಐದು ಚಳಿಗಾಲಗಳಿಗೆ ಪ್ರತಿಯಾಗಿ 160 ಎಕರೆ ಎಂಬ ಲೆಕ್ಕವನ್ನು, ಸ್ವಂತ ದೇಹವೇ ಇನ್ನೊಬ್ಬರ ಆಸ್ತಿಯಾಗಿದ್ದ ಕಾಲವನ್ನು ಕಂಡವರು ಹೇಗೆ ನೋಡಿರಬಹುದು? ಹೊರಗಿನವರ ದಾನಧರ್ಮವನ್ನು ಕೇಳಿ ಮೊದಲೆರಡು ವರ್ಷ ಬದುಕಿದ ವಸಾಹತು, 1879ರ ವೇಳೆಗೆ ಇನ್ನು ನೆರವು ಬೇಡವೆಂದು ತೀರ್ಮಾನಿಸಿತು.

ರಾಜಕೀಯದ ಮಾತೂ ಇದೆ. 1878ರಲ್ಲಿ ಇಲ್ಲಿಗೆ ಬಂದ ಎಡ್ವರ್ಡ್ ಪಿ. ಮೆಕೇಬ್, ಗ್ರಹಾಂ ಕೌಂಟಿ ಅಧಿಕೃತವಾಗಿ ರಚನೆಯಾದಾಗ ಅದರ ಕ್ಲರ್ಕ್ ಆಗಿ ನೇಮಕಗೊಂಡರು. 1882ರಲ್ಲಿ ಕಾನ್ಸಾಸ್ ರಾಜ್ಯದ ಲೆಕ್ಕಪರಿಶೋಧಕರ ಹುದ್ದೆಗೆ ಆಯ್ಕೆಯಾದರು, 1884ರಲ್ಲಿ ಮರು ಆಯ್ಕೆಯಾದರು. ದಕ್ಷಿಣದ ಹೊರಗೆ ಇಡೀ ರಾಜ್ಯದ ಮತದಿಂದ ಅಂಥ ಹುದ್ದೆಗೇರಿದ ಮೊದಲ ಕಪ್ಪು ಅಮೆರಿಕನ್ ಅವರು. ಮುಂದೆ ಓಕ್ಲಹೋಮಾಗೆ ಹೋಗಿ 1890ರಲ್ಲಿ ಲ್ಯಾಂಗ್‌ಸ್ಟನ್ ಊರಿನ ಸ್ಥಾಪನೆಯಲ್ಲಿ ಮುಖ್ಯರಾದರು. ಊರಿನ ಬಲಾಢ್ಯರು ಮೊದಲು ಹೊರಟುಹೋಗುವ ಕ್ರಮ 1880ರ ದಶಕದಲ್ಲೇ ಆರಂಭವಾಗಿತ್ತು ಎನ್ನುವುದಕ್ಕೆ ಇದೂ ಒಂದು ಉದಾಹರಣೆ.

ರೈಲಿನ ಬಗ್ಗೆ ತಮ್ಮ ತರ್ಕ ಅರ್ಧ ಸರಿಯೆಂದು ನನ್ನ ಅಭಿಪ್ರಾಯ. ರೈಲು ತಪ್ಪಿದ್ದರಿಂದ ನಿಕೋಡೀಮಸ್ ಕಳೆದುಕೊಂಡದ್ದು ಪೇಟೆಯನ್ನು; ಹೊಲಗಳನ್ನಲ್ಲ. ಅಂಗಡಿಯವರು, ಪತ್ರಿಕೆಯವರು ಹೋದರು. ರೈತರು ಇನ್ನೂ ನಲವತ್ತು ವರ್ಷ ಅಲ್ಲೇ ಇದ್ದರು. 1907ರಲ್ಲಿ ಬ್ಯಾಪ್ಟಿಸ್ಟ್ ಚರ್ಚ್ ಕಟ್ಟಿದ್ದೂ 1918ರಲ್ಲಿ ಹೊಸ ಶಾಲೆ ಕಟ್ಟಿದ್ದೂ ರೈಲು ತಪ್ಪಿದ ಬಹಳ ಕಾಲದ ಮೇಲೆ. ಸಾಯುತ್ತಿರುವ ಊರು ಶಾಲೆ ಕಟ್ಟುವುದಿಲ್ಲ.

ಅಂಕಿಅಂಶ:

ಜನಸಂಖ್ಯೆಯ ಸಂಖ್ಯೆಗಳನ್ನು ಬಳಸುವ ಮೊದಲು ಯಾವ ಗಡಿಯೊಳಗಿನ ಜನರನ್ನು ಎಣಿಸಲಾಗಿದೆ ಎಂದು ನೋಡುವುದು ಒಳ್ಳೆಯದು. ನಿಕೋಡೀಮಸ್‌ಗೆ ಸಂಬಂಧಿಸಿದ ಗೊಂದಲದ ಬಹುಪಾಲು ಇಲ್ಲೇ ಹುಟ್ಟುತ್ತದೆ.

1880ರಲ್ಲಿ ಊರು ಮತ್ತು ಸುತ್ತಲಿನ ಟೌನ್‌ಶಿಪ್ ಸೇರಿ 258 ಕಪ್ಪುಜನರೂ 58 ಬಿಳಿಯರೂ ಇದ್ದರು. ಜನಪ್ರಿಯ ಬರಹಗಳಲ್ಲಿ ಇದಕ್ಕಿಂತ ದೊಡ್ಡ ಸಂಖ್ಯೆಗಳು ಕಾಣಸಿಗುತ್ತವೆ. ಊರೆಂಬ ನಕ್ಷೆಯ ನಿವೇಶನಗಳು, ಸುತ್ತಲಿನ ಹೊಲಮನೆಗಳು, ಒಟ್ಟು ವಸಾಹತು ಈ ಮೂರನ್ನೂ ಕಲಸಿದಾಗ ಹಾಗಾಗುತ್ತದೆ. ಇಲ್ಲಿಯ ರೈತರು ನಮ್ಮ ಹಳ್ಳಿಗಳಲ್ಲಿರುವಂತೆ ಊರೊಳಗೆ ಮನೆ ಮಾಡಿಕೊಂಡು ಹೊಲಕ್ಕೆ ಹೋಗಿ ಬರುತ್ತಿರಲಿಲ್ಲ. ಹೋಮ್‌ಸ್ಟೆಡ್ ಕಾಯ್ದೆಯೇ ಅವರನ್ನು ತಮ್ಮ ತಮ್ಮ 160 ಎಕರೆಯ ಮೇಲೆ ವಾಸಿಸುವಂತೆ ಕಟ್ಟಿಹಾಕಿತ್ತು. ಹಾಗಾಗಿ ಊರಿನ ಜನ ಯಾವಾಗಲೂ ಊರಿನ ಹೊರಗೇ ಹೆಚ್ಚಾಗಿದ್ದರು.

1935ರಲ್ಲಿ ಊರಿನಲ್ಲಿ 76 ಮಂದಿ, 1950ರಲ್ಲಿ 16 ಮಂದಿ ಎಂಬ ಲೆಕ್ಕಗಳು ಉಲ್ಲೇಖವಾಗುತ್ತವೆ. 1953ರಲ್ಲಿ ಅಂಚೆ ಕಚೇರಿ ಮುಚ್ಚಿತು. ಅಲ್ಲಿಗೆ ನಿಜವಾದ ದೊಡ್ಡ ಕುಸಿತ 1888ರದಲ್ಲ, ಅದು 1930 ಮತ್ತು 40ರ ದಶಕಗಳದು ಎಂದಾಯಿತು. ಬೆಲೆಕುಸಿತ, ಬರ, ಧೂಳಿನ ಬಿರುಗಾಳಿ, ಆಮೇಲೆ ಯುದ್ಧಕಾಲದ ಕಾರ್ಖಾನೆಗಳ ಸೆಳೆತ ಇವೆಲ್ಲ ಒಂದರ ಹಿಂದೊಂದು ಬಂದ ಇಪ್ಪತ್ತು ವರ್ಷಗಳವು. ಸಂಶಯಿಯವರ ವಾದವನ್ನು ಈ ಸಂಖ್ಯೆಗಳು ಬೆಂಬಲಿಸುತ್ತವೆ.

ಇನ್ನು 14 ಎಂಬ ಸಂಖ್ಯೆಯ ಬಗ್ಗೆ. 2020ರ ಗಣತಿಯಲ್ಲಿ ವ್ಯಕ್ತಿಗಳ ಗೋಪ್ಯತೆಯನ್ನು ಕಾಪಾಡಲು, ಪ್ರಕಟಿಸುವ ಅಂಕಿಗಳಲ್ಲಿ ಉದ್ದೇಶಪೂರ್ವಕವಾಗಿ ಅಲ್ಪಸ್ವಲ್ಪ ಏರುಪೇರನ್ನು ಬೆರೆಸುವ ಗಣಿತ ವಿಧಾನವನ್ನು ಗಣತಿ ಇಲಾಖೆ ಬಳಸಿತು. ರಾಜ್ಯಗಳ ಒಟ್ಟು ಜನಸಂಖ್ಯೆಯನ್ನು ಎಣಿಸಿದಂತೆಯೇ ಕೊಟ್ಟಿದ್ದಾರೆ. ಅದಕ್ಕಿಂತ ಸಣ್ಣ ಘಟಕಗಳ ಸಂಖ್ಯೆಗಳು ಈ ಬೆರಕೆಗೆ ಒಳಪಟ್ಟಿವೆ. ಲಕ್ಷ ಜನರ ನಗರಕ್ಕೆ ಇದರಿಂದ ಯಾವ ವ್ಯತ್ಯಾಸವೂ ತಿಳಿಯುವುದಿಲ್ಲ. ಇಂಥ ಊರಿಗೆ ಮಾತ್ರ ಒಬ್ಬಿಬ್ಬರು ಹೆಚ್ಚು ಕಡಿಮೆಯಾದರೂ ದೊಡ್ಡ ಶೇಕಡಾವಾರು ಬದಲಾವಣೆಯೇ ಸರಿ. ಆದ್ದರಿಂದ 14 ಎಂಬುದನ್ನು ಮನೆಬಾಗಿಲಲ್ಲಿ ನಿಂತು ತಲೆ ಎಣಿಸಿದ ಸಂಖ್ಯೆಯೆಂದು ಓದಬೇಡಿ, ಹದಿನಾಲ್ಕರ ಆಸುಪಾಸು ಎಂದು ಓದಿಕೊಳ್ಳಿ.

ಕೆರೆಯಂಗಳ:

ಒಂದು ಸಣ್ಣ ಪ್ರಶ್ನೆ. ನಮ್ಮಲ್ಲಿ ಜನರೇ ಇಲ್ಲದ ಗ್ರಾಮವೂ ಕಂದಾಯ ದಾಖಲೆಯಲ್ಲಿ ಬೇಚಿರಾಕ್ ಎಂದು ಹೆಸರು ಉಳಿಸಿಕೊಂಡಿರುತ್ತದೆ. ಅಮೆರಿಕದಲ್ಲಿ ಅಂಥ ಏರ್ಪಾಡು ಇದೆಯೇ? ಈ ಊರಿಗೆ ಪಂಚಾಯಿತಿಯೋ ಪುರಸಭೆಯೋ ಏನಾದರೂ ಇದೆಯೇ?

ಅಂಕಿಅಂಶ:

ಪುರಸಭೆ ಇಲ್ಲ. ಕಾನೂನಿನ ದೃಷ್ಟಿಯಲ್ಲಿ ನಿಕೋಡೀಮಸ್ ನಗರವಾಗಿ ನೋಂದಾಯಿತವಾಗದ ನೆಲೆ. ಕೌಂಟಿ, ಅದರೊಳಗೆ ಟೌನ್‌ಶಿಪ್ ಇವು ಆಡಳಿತದ ಘಟಕಗಳು. ಊರಿನದೇ ಆದ ಮೇಯರ್, ತೆರಿಗೆ ಯಾವುದೂ ಇಲ್ಲ. ಗಣತಿ ಇಲಾಖೆ ಲೆಕ್ಕದ ಅನುಕೂಲಕ್ಕಾಗಿ ಇಂಥ ನೆಲೆಗಳ ಸುತ್ತ ಒಂದು ಗೆರೆ ಎಳೆದು, ಅದರೊಳಗಿನವರನ್ನು ಪ್ರತ್ಯೇಕವಾಗಿ ತೋರಿಸುತ್ತದೆ. ಆ ಗೆರೆಯನ್ನು ಎಳೆಯದಿದ್ದರೆ ಆ ಹದಿನಾಲ್ಕು ಮಂದಿ ಟೌನ್‌ಶಿಪ್‌ನ ಸಂಖ್ಯೆಯಲ್ಲಿ ಬೆರೆತುಹೋಗುತ್ತಾರೆ, ಊರಿನ ಹೆಸರು ಗಣತಿಯಲ್ಲಿ ಕಾಣಿಸುವುದೇ ಇಲ್ಲ.

ದಾಖಲೆಕೋಣೆ:

ಗಣತಿಯ ಮಾತು ಬಂದದ್ದರಿಂದ, ಈ ಊರಿನ ಇತಿಹಾಸ ಬರೆಯುವವರು ಎದುರಿಸುವ ಒಂದು ವಿಚಿತ್ರ ಅಡಚಣೆಯನ್ನು ಹೇಳಬೇಕು.

1860ರ ಗಣತಿಯಲ್ಲಿ ಗುಲಾಮರನ್ನು ಪ್ರತ್ಯೇಕ ಪಟ್ಟಿಯಲ್ಲಿ, ಒಡೆಯನ ಹೆಸರಿನ ಕೆಳಗೆ, ವಯಸ್ಸು, ಲಿಂಗ, ಮೈಬಣ್ಣ ಮೊದಲಾದವನ್ನು ಬರೆದು ಎಣಿಸಿದರು. ಹೆಸರುಗಳನ್ನು ಸಾಮಾನ್ಯವಾಗಿ ಬರೆಯಲಿಲ್ಲ. ಅವರೆಲ್ಲರ ಹೆಸರುಗಳು ಮೊದಲು ಕಾಣಿಸಿಕೊಂಡದ್ದು 1870ರ ಗಣತಿಯಲ್ಲಿ, ಅದೂ ಅವರಿನ್ನೂ ಕೆಂಟಕಿಯಲ್ಲಿದ್ದಾಗ. 1880ರ ಗಣತಿಯಲ್ಲಿ ಅವರು ಕಾನ್ಸಾಸ್‌ನಲ್ಲಿ ಕಾಣುತ್ತಾರೆ. ಮುಂದಿನದು 1890ರದು. ಆ ಗಣತಿಯ ಮನೆವಾರು ಹಾಳೆಗಳು 1921ರ ಜನವರಿಯಲ್ಲಿ ವಾಷಿಂಗ್ಟನ್‌ನ ವಾಣಿಜ್ಯ ಇಲಾಖೆಯ ಕಟ್ಟಡದಲ್ಲಿ ನಡೆದ ಬೆಂಕಿ ಅನಾಹುತದಲ್ಲಿ ಸುಟ್ಟೋ ನೀರಿಗೆ ನೆನೆದೋ ಹಾಳಾದವು. ಉಳಿದವನ್ನು ಕೆಲವು ವರ್ಷಗಳ ನಂತರ ಇಲಾಖೆಯೇ ವಿಲೇವಾರಿ ಮಾಡಿತು. ಇಡೀ ದೇಶದ ಆ ಹಾಳೆಗಳಲ್ಲಿ ಚೂರುಪಾರು ಮಾತ್ರ ಉಳಿದಿವೆ. ಮುದ್ರಿತ ಮೊತ್ತಗಳು ಸಿಗುತ್ತವೆ, ಮನುಷ್ಯರು ಸಿಗುವುದಿಲ್ಲ. ನಿಕೋಡೀಮಸ್ ತನ್ನ ಏಳಿಗೆಯ ತುದಿಯನ್ನು ಮುಟ್ಟಿದ್ದೂ ವ್ಯಾಪಾರಿಗಳನ್ನು ಕಳೆದುಕೊಂಡದ್ದೂ 1880 ಮತ್ತು 1890ರ ನಡುವೆ. ಒಟ್ಟಿನಲ್ಲಿ ಕೇಂದ್ರ ಗಣತಿಯ ಹಾಳೆಗಳಲ್ಲಿ ಊರು ಮೊದಲು ನೆಲಗೂಡಿನಲ್ಲಿ ಕಾಣಿಸಿ, ಆಮೇಲೆ 1900ರಲ್ಲಿ ಕಾಣಿಸುತ್ತದೆ. ನಡುವಿನ ಇಪ್ಪತ್ತು ವರ್ಷ ಖಾಲಿ.

ಅದೃಷ್ಟವಶಾತ್ ಕಾನ್ಸಾಸ್ ರಾಜ್ಯ ಐದನೇ ಇಸವಿಗಳಲ್ಲಿ ತನ್ನದೇ ಗಣತಿ ನಡೆಸುತ್ತಿತ್ತು. 1885 ಮತ್ತು 1895ರ ಹಾಳೆಗಳು ಉಳಿದಿವೆ. ಅವುಗಳಲ್ಲಿ, ಕಾನ್ಸಾಸ್‌ಗೆ ಎಲ್ಲಿಂದ ಬಂದಿರಿ ಎಂಬ ಅಂಕಣವಿದೆ. ಕೇಂದ್ರ ಗಣತಿ ಹುಟ್ಟಿದ ಸ್ಥಳವನ್ನಷ್ಟೇ ಕೇಳುತ್ತಿದ್ದಾಗ, ರಾಜ್ಯದವರು ಕೊನೆಯ ಬಿಡಾರವನ್ನು ಕೇಳಿದರು. ವಲಸೆಯ ದಾರಿಯನ್ನು ಹುಡುಕುವವರಿಗೆ ಇದಕ್ಕಿಂತ ಹೆಚ್ಚಿನ ಉಪಕಾರ ಬೇರೆ ಇಲ್ಲ. ಇದರ ಜೊತೆಗೆ ಹೋಮ್‌ಸ್ಟೆಡ್ ಕಡತಗಳಿವೆ. ಹಕ್ಕುಪತ್ರ ಪಡೆಯುವ ರೈತ ತಾನು ಎಷ್ಟು ಎಕರೆ ಉತ್ತಿದ್ದೇನೆ, ಮನೆ ಎಷ್ಟು ಅಳತೆಯದು, ಯಾವ ಬೆಳೆ ಎಂದು ಹೇಳಿಕೆ ಕೊಡಬೇಕಿತ್ತು. ನೆರೆಹೊರೆಯವರ ಸಾಕ್ಷ್ಯ ಬೇಕಿತ್ತು. ಸಾಕ್ಷಿ ಹೇಳಿದವರ ಹೆಸರುಗಳಿಂದ ಯಾರ ಹೊಲದ ಪಕ್ಕ ಯಾರಿದ್ದರು, ಯಾರು ಯಾರನ್ನು ನಂಬುತ್ತಿದ್ದರು ಎಂಬುದನ್ನೂ ಊಹಿಸಬಹುದು.

ಗೋಧಿಹೊಲ:

ಅಂಕಿಅಂಶ ಅವರು ಹೇಳಿದ 1930, 40ರ ದಶಕಗಳ ಕುಸಿತಕ್ಕೆ ನನ್ನದೊಂದು ಸೇರ್ಪಡೆ. ಬರ ಬಂದು ಹೋಗುತ್ತದೆ; ಹೋದವರು ಹಿಂತಿರುಗದಿದ್ದುದಕ್ಕೆ ಕಾರಣ ಹೊಲದ ಅಳತೆ.

ಮಳೆ ಚೆನ್ನಾಗಿರುವ ಪೂರ್ವದ ರಾಜ್ಯಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನಿಗದಿ ಮಾಡಿದ 160 ಎಕರೆ ಈ ಬಯಲಿನಲ್ಲಿ ಒಂದು ಕುಟುಂಬಕ್ಕೆ ಎಂದೂ ಸಾಕಾಗಿರಲಿಲ್ಲ. ಇಲ್ಲಿ ಬೆಳೆಯುವುದು ಚಳಿಗಾಲದ ಗೋಧಿ. 1870ರ ದಶಕದಲ್ಲಿ ರಷ್ಯಾದಿಂದ ಬಂದ ಮೆನೊನೈಟ್ ಪಂಥದವರು ತಂದ ತಳಿಗಳಿಂದ ಕಾನ್ಸಾಸ್‌ನಲ್ಲಿ ಅದು ನೆಲೆಯೂರಿತು. ಇಳುವರಿ ಕಡಿಮೆಯಾದ ನೆಲದಲ್ಲಿ ಒಂದು ವರ್ಷ ಬೆಳೆ, ಮರುವರ್ಷ ತೇವ ಉಳಿಸಲು ಬೀಳು ಬಿಡುವ ಪದ್ಧತಿ ಇದ್ದುದರಿಂದ 160 ಎಕರೆ ಎಂದರೆ ವಾಸ್ತವದಲ್ಲಿ 80 ಎಕರೆ. ಟ್ರ್ಯಾಕ್ಟರ್ ಮತ್ತು ಕೊಯ್ಲು ಯಂತ್ರ ಬಂದ ಮೇಲೆ ಒಬ್ಬ ರೈತ ಹತ್ತು ನೆರೆಹೊರೆಯವರ ನೆಲವನ್ನು ಉಳಬಲ್ಲವನಾದ. ಹಣವಿದ್ದವನು ನೆರೆಯವನ ನೆಲ ಕೊಂಡ, ಇಲ್ಲದವನು ಮಾರಿ ಡೆನ್ವರ್‌ಗೋ ಟೊಪೀಕಾಗೋ ಹೋದ. 2017ರ ಕೃಷಿ ಗಣತಿಯ ಪ್ರಕಾರ ಕಾನ್ಸಾಸ್‌ನ ಸರಾಸರಿ ಹಿಡುವಳಿ 781 ಎಕರೆ. ನಮ್ಮ ಪಶ್ಚಿಮ ಭಾಗದಲ್ಲಿ ಸಾವಿರಾರು ಎಕರೆಯ ಹಿಡುವಳಿಗಳು ಸಾಮಾನ್ಯ. ಐದು ಕುಟುಂಬಗಳಿದ್ದ ಜಾಗದಲ್ಲಿ ಒಂದು ಕುಟುಂಬ ಉಳಿದರೆ ಶಾಲೆಗೆ ಮಕ್ಕಳು ಎಲ್ಲಿಂದ ಬರಬೇಕು? ಶಾಲೆ ಮುಚ್ಚಿದ ಊರಿಗೆ ಯಾವ ಯುವ ದಂಪತಿ ಬರುತ್ತಾರೆ? ನಾನಿರುವ ಊರಿನಲ್ಲಿ ಹೆರಿಗೆ ವಿಭಾಗ ಮುಚ್ಚಿದೆ. ಗರ್ಭಿಣಿಯರು ಒಂದು ಗಂಟೆಗೂ ಹೆಚ್ಚು ಕಾಲ ಕಾರಿನಲ್ಲಿ ಹೋಗಬೇಕು. ಹೊರರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ನನ್ನ ಅಪ್ಪನ ವಯಸ್ಸಿನವರು.

ಇದೆಲ್ಲ ಬಿಳಿಯ ರೈತರಿಗೂ ಅನ್ವಯಿಸುತ್ತದೆ. ಆದರೆ ಕಪ್ಪು ರೈತರಿಗೆ ಇನ್ನೊಂದು ಹೊರೆ ಇತ್ತು. ವಿಸ್ತರಿಸಲು ಬೇಕಾದ ಸಾಲ ಅವರಿಗೆ ಸಿಗುತ್ತಿರಲಿಲ್ಲ, ಸಿಕ್ಕರೂ ಬಿತ್ತನೆ ಮುಗಿದ ಮೇಲೆ ಸಿಗುತ್ತಿತ್ತು. 1920ರಲ್ಲಿ ದೇಶದಲ್ಲಿ ಕಪ್ಪು ರೈತರು ನಡೆಸುತ್ತಿದ್ದ ಹಿಡುವಳಿಗಳು 9 ಲಕ್ಷಕ್ಕೂ ಹೆಚ್ಚಿದ್ದವು. ನೂರು ವರ್ಷಗಳಲ್ಲಿ ಅವು ಕೆಲವು ಹತ್ತು ಸಾವಿರಗಳಿಗೆ ಇಳಿದವು. ಕೇಂದ್ರ ಕೃಷಿ ಇಲಾಖೆಯು 1981ರಿಂದ 1996ರವರೆಗೆ ಸಾಲ ನೀಡುವುದರಲ್ಲಿ ತಾರತಮ್ಯ ಮಾಡಿತೆಂದು ಕಪ್ಪು ರೈತರು ಹೂಡಿದ ಪಿಗ್‌ಫರ್ಡ್ ಮೊಕದ್ದಮೆ 1999ರಲ್ಲಿ ರಾಜಿಯಲ್ಲಿ ಇತ್ಯರ್ಥವಾಯಿತು. ನಿಕೋಡೀಮಸ್ ಸುತ್ತ ಇಂದಿಗೂ ವಂಶಸ್ಥರು ಗೋಧಿ ಬೆಳೆಯುತ್ತಿದ್ದಾರೆ ಎಂಬುದನ್ನು ಈ ಹಿನ್ನೆಲೆಯಲ್ಲಿ ನೋಡಿದರೆ, 14 ಎಂಬ ಸಂಖ್ಯೆ ಕಡಿಮೆಯೆನಿಸುವುದಿಲ್ಲ.

ಸಂಶಯಿ:

ಡಾಕ್ಟರೇ, ಈ ವಿವರಣೆ ನನಗೆ ಒಪ್ಪಿಗೆ. ಆದರೂ ನನ್ನ ಮೂರನೇ ಆಕ್ಷೇಪಕ್ಕೆ ಯಾರೂ ಉತ್ತರಿಸಿಲ್ಲ. ಇಂದು ನಿಕೋಡೀಮಸ್ ಊರೋ, ಸ್ಮಾರಕವೋ? ಐತಿಹಾಸಿಕ ತಾಣಗಳನ್ನೂ ನೋಡಿಕೊಳ್ಳುವ ರಾಷ್ಟ್ರೀಯ ಉದ್ಯಾನ ಸೇವೆಯ ಸಿಬ್ಬಂದಿ ಸಮವಸ್ತ್ರದಲ್ಲಿ ನಿಂತು ವಿವರಿಸುವ ಜಾಗವನ್ನು ಊರೆಂದು ಕರೆಯಲು ನನಗೆ ಕಷ್ಟವಾಗುತ್ತದೆ.

ಬಯಲುಸೀಮೆ:

ಎರಡೂ ಎಂದು ಹೇಳಿ ಜಾರಿಕೊಳ್ಳುವುದಿಲ್ಲ. ನನ್ನ ಉತ್ತರ 'ಊರು' ಎಂಬುದೇ. ಕಾರಣ ಕೊಡುತ್ತೇನೆ.

ಸ್ಮಾರಕದ ಪಟ್ಟ ತಾನಾಗಿ ಬರಲಿಲ್ಲ. 1976ರಲ್ಲಿ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತಿನ ಮಾನ್ಯತೆ, 1996ರ ನವೆಂಬರ್‌ನಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನ ಕಾಯ್ದೆಯ ಮೂಲಕ ರಾಷ್ಟ್ರೀಯ ಐತಿಹಾಸಿಕ ತಾಣದ ಸ್ಥಾನ ದೊರೆತವು. ಇವೆರಡರ ಹಿಂದೆಯೂ ವಂಶಸ್ಥರ ದೀರ್ಘ ಪ್ರಯತ್ನವಿದೆ. ತಾಣದಲ್ಲಿ ಐದು ಕಟ್ಟಡಗಳಿವೆ: ಆಫ್ರಿಕನ್ ಮೆಥಡಿಸ್ಟ್ ಚರ್ಚ್, ಹಳೆಯ ಬ್ಯಾಪ್ಟಿಸ್ಟ್ ಚರ್ಚ್, ಸೇಂಟ್ ಫ್ರಾನ್ಸಿಸ್ ಹೋಟೆಲ್, ಶಾಲೆ ಮತ್ತು ಟೌನ್‌ಶಿಪ್ ಹಾಲ್. ಹೋಟೆಲನ್ನು ನಡೆಸಿದ ಫ್ಲೆಚರ್ ದಂಪತಿಗಳೇ ಊರಿನ ಮೊದಲ ಅಂಚೆ ಕಚೇರಿಯನ್ನೂ ಮೊದಲ ಶಾಲೆಯನ್ನೂ ನೋಡಿಕೊಂಡವರು. ಸುಣ್ಣಕಲ್ಲಿನ ಹಾಲ್ ಅನ್ನು 1939ರಲ್ಲಿ, ಆರ್ಥಿಕ ಮಹಾಕುಸಿತದ ಕಾಲದ ಸರ್ಕಾರಿ ಉದ್ಯೋಗ ಯೋಜನೆಯಡಿ ಕಟ್ಟಿದರು. ಅಂದರೆ ಅಂಕಿಅಂಶ ಅವರ ಲೆಕ್ಕದ ಪ್ರಕಾರ ಊರು ನೂರರ ಒಳಗಿಳಿದಿದ್ದಾಗ. ಎಲ್ಲ ಕಟ್ಟಡಗಳೂ ಉದ್ಯಾನ ಸೇವೆಯ ಸ್ವತ್ತಲ್ಲ ಎಂಬುದನ್ನು ಗಮನಿಸಿ. ಸೇವೆಯವರು ಅಲ್ಲಿಗೆ ಬಂದದ್ದು ನೆರೆಯವರಾಗಿ, ಒಡೆಯರಾಗಿ ಅಲ್ಲ.

ಎರಡನೆಯದಾಗಿ, ಪ್ರತಿ ವರ್ಷ ಜುಲೈ ಕೊನೆಯ ವಾರಾಂತ್ಯದಲ್ಲಿ ಅಲ್ಲಿ ಊರವರ ಸಮಾವೇಶ ನಡೆಯುತ್ತದೆ. 1834ರ ಆಗಸ್ಟ್ 1ರಂದು ಬ್ರಿಟಿಷ್ ವೆಸ್ಟ್ ಇಂಡೀಸ್‌ನಲ್ಲಿ ಗುಲಾಮಗಿರಿ ರದ್ದಾದುದರ ನೆನಪಿನ ಹಬ್ಬವನ್ನು ಮೊದಲ ವಸಾಹತುಗಾರರೇ ಆರಂಭಿಸಿದ್ದರು; ಅದೇ ಬೆಳೆದು ಈಗಿನ ಕೂಟವಾಗಿದೆ. ಕ್ಯಾಲಿಫೋರ್ನಿಯಾ, ಕೊಲರಾಡೋ ಮೊದಲಾದ ಕಡೆಗಳಿಂದ ನೂರಾರು ಜನ ಬರುತ್ತಾರೆ. ಊರಬ್ಬದ ಹೊತ್ತಿಗೆ ಬೆಂಗಳೂರಿನ ಬಸ್ಸುಗಳು ತುಂಬಿ ಹಳ್ಳಿಗಳಿಗೆ ಹೊರಡುವುದನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಊರಿನಲ್ಲಿ ಹುಟ್ಟಿದ ವೆರಿಲ್ ಸ್ವಿಟ್ಸರ್ 1954ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ತಂಡದಿಂದ ವೃತ್ತಿಪರ ಅಮೆರಿಕನ್ ಫುಟ್ಬಾಲ್ ಆಡಿ, ಮುಂದೆ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಆಡಳಿತಗಾರರಾದರು. ಹಾಗಿದ್ದೂ ನಿಕೋಡೀಮಸ್‌ನ ಹೊಲವನ್ನು ಬಿಡಲಿಲ್ಲ.

ಗಣತಿ ಏಪ್ರಿಲ್ 1ರಂದು ಯಾರು ಎಲ್ಲಿ ಮಲಗುತ್ತಾರೆ ಎಂದು ಕೇಳುತ್ತದೆ. ಜುಲೈ ಕೊನೆಯಲ್ಲಿ ಕೇಳಿದರೆ ಉತ್ತರ ಬೇರೆ.

ಸಂಶಯಿ:

ಜುಲೈನಲ್ಲಿ ಬಂದವರು ಆಗಸ್ಟ್‌ನಲ್ಲಿ ಹೊರಟುಹೋಗುತ್ತಾರೆ. ಚರಂಡಿ ರಿಪೇರಿ, ರಸ್ತೆಯ ಹಿಮ ತೆಗೆಯುವುದು, ಕಾಯಿಲೆಯವರನ್ನು ಆಸ್ಪತ್ರೆಗೆ ಕರೆದೊಯ್ಯುವುದು ಇವೆಲ್ಲ ಉಳಿದ ಹದಿನಾಲ್ಕು ಮಂದಿಯ ಪಾಲಿಗೇ. ಊರಬ್ಬಕ್ಕೆ ಬರುವವರನ್ನು ಊರಿನ ಜನಸಂಖ್ಯೆಯಲ್ಲಿ ಸೇರಿಸಲು ನಾನು ಒಪ್ಪುವುದಿಲ್ಲ. ಆದರೆ ಜಮೀನು ಉಳಿಸಿಕೊಂಡು ಹೊರಗಿರುವ ವಂಶಸ್ಥರ ಲೆಕ್ಕ ಬೇರೆ. ಅವರಿಗೆ ಅಲ್ಲಿಯ ತೆರಿಗೆಯೂ ಇದೆ, ಹಕ್ಕೂ ಇದೆ. ದಾಖಲೆಕೋಣೆಯವರೇ, ಮೂಲ ಹೋಮ್‌ಸ್ಟೆಡ್‌ಗಳಲ್ಲಿ ಎಷ್ಟು ಜಮೀನು ಇಂದಿಗೂ ಅವೇ ಮನೆತನಗಳಲ್ಲಿದೆ ಎಂದು ತಿಳಿಯುವ ದಾರಿಯಿದೆಯೇ?

ದಾಖಲೆಕೋಣೆ:

ಇದೆ, ಆದರೆ ಕೂತು ಮಾಡಬೇಕಾದ ಕೆಲಸ. ಕೇಂದ್ರದ ಭೂ ಇಲಾಖೆ ಮೂಲ ಹಕ್ಕುಪತ್ರಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಕೊಟ್ಟಿದೆ; ರಾಜ್ಯ, ಕೌಂಟಿ, ಹೆಸರು ಕೊಟ್ಟು ಹುಡುಕಬಹುದು. ಅವುಗಳಿಂದ ಯಾವ ಟೌನ್‌ಶಿಪ್‌ನ ಯಾವ ಸೆಕ್ಷನ್‌ನ (640 ಎಕರೆಯ ಅಳತೆ ತುಂಡಿನ) ಯಾವ ಕಾಲು ಭಾಗ ಯಾರಿಗೆ ಸಿಕ್ಕಿತ್ತು ಎಂದು ನಕ್ಷೆಯ ಮೇಲೆ ಗುರುತಿಸಿಕೊಳ್ಳಬೇಕು. ಅಲ್ಲಿಂದ ಮುಂದಿನ ಕೈಬದಲಾವಣೆಗಳು ಹಿಲ್ ಸಿಟಿಯಲ್ಲಿರುವ ಕೌಂಟಿ ನೋಂದಣಿ ಕಚೇರಿಯ ಪುಸ್ತಕಗಳಲ್ಲಿವೆ. ಪ್ರತಿಯೊಂದು ಕಾಲು ಸೆಕ್ಷನ್‌ಗೂ ಕ್ರಯ, ಅಡಮಾನ, ಉಯಿಲು ಎಲ್ಲವನ್ನೂ ಹಿಡಿದು ವರ್ಷವಾರು ಬರಬೇಕು. ಅಡಮಾನದ ನಮೂದುಗಳನ್ನು ಬಿಟ್ಟುಬಿಡಬೇಡಿ, ಏಕೆಂದರೆ ನೆಲ ಮಾರಿದ ವರ್ಷಕ್ಕಿಂತ ನೆಲದ ಮೇಲೆ ಮೊದಲ ಸಾಲ ಎತ್ತಿದ ವರ್ಷ ಎಷ್ಟೋ ವೇಳೆ ಹೆಚ್ಚು ಹೇಳುತ್ತದೆ. ಮೊದಲು 1885ರ ರಾಜ್ಯ ಗಣತಿಯಿಂದ ನಿಕೋಡೀಮಸ್ ಟೌನ್‌ಶಿಪ್‌ನ ಮನೆತನಗಳ ಪಟ್ಟಿ ಮಾಡಿಕೊಳ್ಳಿ. ಆ ಪಟ್ಟಿ ತಯಾರಿಸಲು ಇಲ್ಲಿ ಯಾರಾದರೂ ಆಸಕ್ತರಿದ್ದರೆ, ಹಾಳೆಗಳನ್ನು ಹಂಚಿಕೊಂಡು ಓದೋಣ.